ದುಬೈ ಲೈಸೆನ್ಸ್, ಊರಿನ ಲೈಸೆನ್ಸ್, ಒಂದೇ ಕಾರು: ಸಲಾಲಾಕ್ಕೆ ಹೋಗುವಾಗ ಯಾರು ಓಡಿಸಬಹುದು?

ಪ್ರಶ್ನೆ: ನಮ್ಮೂರು ಉಡುಪಿ. ದುಬೈನಲ್ಲಿ ಕೆಲಸ. ನನ್ನ ಹತ್ತಿರ ಯುಎಇ ಲೈಸೆನ್ಸ್ ಇದೆ. ನನ್ನ ಹೆಂಡತಿಯೂ ಇಲ್ಲಿನ ರೆಸಿಡೆನ್ಸ್ ವೀಸಾದಲ್ಲೇ ಇದ್ದಾಳೆ, ಆದರೆ ಅವಳ ಹತ್ತಿರ ಊರಿನ ಲೈಸೆನ್ಸ್ ಮಾತ್ರ ಇದೆ. ಆಗಸ್ಟ್‌ನಲ್ಲಿ ತಮ್ಮ ವಿಸಿಟ್ ವೀಸಾದಲ್ಲಿ ಬರುತ್ತಿದ್ದಾನೆ. ಅವನು ಉಡುಪಿ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡಿದ್ದಾನೆ. ಎಲ್ಲರೂ ನಮ್ಮ ಕಾರಿನಲ್ಲೇ ಒಮಾನ್‌ನ ಸಲಾಲಾಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ದಾರಿ ದೂರ, ಮೂವರೂ ಸರದಿಯಲ್ಲಿ ಓಡಿಸಬಹುದಾ? ಮುಂದೆ ಇದೇ ಲೈಸೆನ್ಸ್ ಇಟ್ಟುಕೊಂಡು ಸೌದಿ, ಬಹ್ರೇನ್ ಕಡೆಗೂ ಹೋಗಬಹುದಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನೀವು ಓಡಿಸಬಹುದು. ನಿಮ್ಮ ಹೆಂಡತಿ ಓಡಿಸಬಾರದು. ತಮ್ಮನ ವಿಷಯದಲ್ಲಿ ಪೊಲೀಸರು ಒಪ್ಪಬಹುದು, ಆದರೆ ಇನ್ಶೂರೆನ್ಸ್ ಕಂಪನಿ ಬರಹದಲ್ಲಿ ಒಪ್ಪುವ ತನಕ ಅವನ ಕೈಗೆ ನಿಮ್ಮ ಕಾರಿನ ಕೀ ಕೊಡಬೇಡಿ.

ಹೆಂಡತಿಯ ಹತ್ತಿರವೂ ಭಾರತದ ಲೈಸೆನ್ಸ್, ತಮ್ಮನ ಹತ್ತಿರವೂ ಭಾರತದ ಲೈಸೆನ್ಸ್. ಹೆಂಡತಿ ಬಹುಶಃ ಜಾಸ್ತಿ ವರ್ಷದಿಂದ ಕಾರು ಓಡಿಸುತ್ತಿರಬಹುದು. ಹಾಗಿದ್ದರೂ ತಮ್ಮನಿಗೆ ಸಿಗುವ ಅವಕಾಶ ಅವರಿಗೆ ಯಾಕಿಲ್ಲ? ಗಲ್ಫ್‌ನಲ್ಲಿ ಇಷ್ಟು ವರ್ಷದಿಂದ ವಾಹನ ಅಪಘಾತದ ಕ್ಲೇಮ್ ಫೈಲ್‌ಗಳನ್ನು ನೋಡುತ್ತಿದ್ದೇನೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಲೈಸೆನ್ಸ್ ಅಸಲಿಯಾ, ಚಾಲ್ತಿಯಲ್ಲಿದೆಯಾ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಅದನ್ನು ಹಿಡಿದಿರುವವರು ಯಾವ ದೇಶದ ನಿವಾಸಿ ಅನ್ನುವುದನ್ನು ಯಾರೂ ನೋಡುವುದಿಲ್ಲ. ಕಾನೂನು ಮೊದಲು ಕೇಳುವುದೇ ಅದನ್ನು.

ಹೊರದೇಶದ ಲೈಸೆನ್ಸ್‌ಗೆ ಒಂದು ದೇಶ ಮಾನ್ಯತೆ ಕೊಡುವುದು ಬಂದು ಹೋಗುವವರಿಗಾಗಿ. ನಾಲ್ಕು ದಿನ ಸುತ್ತಾಡಿ ಹೋಗುವವನಿಗೆ ಡ್ರೈವಿಂಗ್ ಸ್ಕೂಲ್ ಸೇರು ಅನ್ನಲಾಗದು. ಅದಕ್ಕೇ 1949ರ ಜಿನೀವಾ ಒಪ್ಪಂದ, 1968ರ ವಿಯೆನ್ನಾ ಒಪ್ಪಂದ ಎಲ್ಲ ಬಂದದ್ದು. ಆದರೆ ಆ ದೇಶದಲ್ಲಿ ಮನೆ ಮಾಡಿ, ರೆಸಿಡೆನ್ಸ್ ವೀಸಾ ಹಾಕಿಸಿಕೊಂಡ ಮೇಲೆ ನೀವು ಅಲ್ಲಿನವರ ಲೆಕ್ಕ. ಯುಎಇಯಲ್ಲಿ ಎಮಿರೇಟ್ಸ್ ಐಡಿ, ಅಂದರೆ ಇಲ್ಲಿನ ನಿವಾಸಿಯ ಗುರುತಿನ ಚೀಟಿ, ಕೈಗೆ ಬಂದ ಭಾರತೀಯರು ಊರಿನ ಲೈಸೆನ್ಸ್ ಮೇಲೆ ಓಡಿಸುವ ಹಾಗಿಲ್ಲ. ಇಂಟರ್‌ನ್ಯಾಷನಲ್ ಪರ್ಮಿಟ್ ಜೊತೆಗಿದ್ದರೂ ಇಲ್ಲ. ಕೆಲವು ದೇಶಗಳ ಲೈಸೆನ್ಸನ್ನು ಪರೀಕ್ಷೆ ಇಲ್ಲದೆ ಇಲ್ಲಿನ ಲೈಸೆನ್ಸ್‌ಗೆ ಬದಲಾಯಿಸಿ ಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿ ಇಲ್ಲ.

ಹಾಗಾಗಿ ನಿಮ್ಮ ಹೆಂಡತಿಯ ಕಾರ್ಡ್ ಊರಲ್ಲಿ ಪೂರ್ತಿ ಸರಿಯಾದ ಲೈಸೆನ್ಸ್. ದುಬೈ ರಸ್ತೆಯಲ್ಲಿ ಅದು ಲೈಸೆನ್ಸ್ ಇಲ್ಲದ ಹಾಗೇ. 2025ರ ಮಾರ್ಚ್ 29ರಿಂದ ಜಾರಿಗೆ ಬಂದ ಯುಎಇಯ ಹೊಸ ಟ್ರಾಫಿಕ್ ಕಾನೂನಿನಲ್ಲಿ, ಮಾನ್ಯತೆ ಇಲ್ಲದ ಹೊರದೇಶದ ಲೈಸೆನ್ಸ್‌ನಲ್ಲಿ ಓಡಿಸಿದರೆ ಮೊದಲ ಸಲಕ್ಕೇ 2,000ದಿಂದ 10,000 ದಿರ್ಹಂ ದಂಡ ಇದೆ. ಮತ್ತೆ ಸಿಕ್ಕಿಬಿದ್ದರೆ ಜೈಲೂ ಆಗಬಹುದು.

ಇಲ್ಲಿ ನೀವು ಒಂದು ಮಾತು ಕೇಳಬಹುದು. ಗಡಿ ದಾಟಿದ ಮೇಲೆ ಒಮಾನ್‌ಗೆ ಅವರೂ ಪ್ರವಾಸಿಯೇ ಅಲ್ವಾ? ಭಾರತದ ಲೈಸೆನ್ಸ್, ಜೊತೆಗೊಂದು ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ದರೆ ಅಲ್ಲಿ ಓಡಿಸಬಹುದಲ್ಲ? ವಾದದಲ್ಲಿ ಹುರುಳಿದೆ. ಒಮಾನ್‌ನಲ್ಲೇ ಬಾಡಿಗೆಗೆ ತೆಗೆದುಕೊಂಡ ಕಾರಾದರೆ ಬಾಡಿಗೆ ಕಂಪನಿಯವರು ಒಪ್ಪಲೂಬಹುದು. ಆದರೆ ನೀವು ಹೋಗುವುದು ದುಬೈ ನಂಬರಿನ ಕಾರಿನಲ್ಲಿ, ಯುಎಇ ಪಾಲಿಸಿಯ ಮೇಲೆ. ಅಪಘಾತವಾದರೆ ಫೈಲ್ ವಾಪಸ್ ಬರುವುದು ದುಬೈಗೇ. ಇಲ್ಲಿನ ನಿವಾಸಿ, ಇಲ್ಲಿನ ಲೈಸೆನ್ಸ್ ಇಲ್ಲ ಅನ್ನುವುದು ಆ ಫೈಲಿನಲ್ಲಿ ಮೊದಲು ಕಣ್ಣಿಗೆ ಬೀಳುವ ಸಂಗತಿ. ನಾನಾಗಿದ್ದರೆ ಆ ವಾದವನ್ನು ನಂಬಿಕೊಂಡು ಮನೆಯವರನ್ನು ಸ್ಟೀರಿಂಗ್ ಮುಂದೆ ಕೂರಿಸುವುದಿಲ್ಲ.

ಅವರಿಗೆ ಸರಿಯಾದ ದಾರಿ ಇಲ್ಲಿನ ಲೈಸೆನ್ಸ್ ತೆಗೆಯುವುದು. ದುಬೈನಲ್ಲಿ ಈಗ ಗೋಲ್ಡನ್ ಚಾನ್ಸ್ ಅಂತ ಒಂದು ಅವಕಾಶ ಇದೆ. ಊರಿನ ಲೈಸೆನ್ಸ್ ಇದ್ದವರು ತಿಂಗಳುಗಟ್ಟಲೆ ಕ್ಲಾಸಿಗೆ ಹೋಗದೆ ನೇರವಾಗಿ ಥಿಯರಿ ಮತ್ತು ರೋಡ್ ಟೆಸ್ಟ್ ಬರೆಯಬಹುದು. ಒಂದೇ ಸಲ ಸಿಗುವ ಅವಕಾಶ ಅದು. ಫೇಲಾದರೆ ಮಾಮೂಲಿ ಕ್ಲಾಸ್‌ಗಳೇ ಗತಿ. ಅದಕ್ಕೆ ಟೆಸ್ಟ್‌ಗೆ ಹೋಗುವ ಮುಂಚೆ ಕೆಲವು ಪಾಠವಾದರೂ ದುಡ್ಡು ಕೊಟ್ಟು ಹೇಳಿಸಿಕೊಳ್ಳುವುದು ಒಳ್ಳೆಯದು ಅನ್ನುತ್ತೇನೆ. ಊರಲ್ಲಿ ಚೆನ್ನಾಗಿ ಓಡಿಸುವವರೂ ಇಲ್ಲಿ ರೌಂಡ್‌ಅಬೌಟ್‌ನಲ್ಲಿ ಸೋಲುತ್ತಾರೆ. ನಮ್ಮಲ್ಲಿ ಎಡಬದಿ ಸಂಚಾರ, ಕಣ್ಣು ಬಲಕ್ಕೆ ಹೋಗಿ ರೂಢಿ. ಇಲ್ಲಿ ಬಲಬದಿ ಸಂಚಾರ. ವೃತ್ತದ ಒಳಗಿರುವ ಗಾಡಿ ನಿಮ್ಮ ಎಡದಿಂದ ಬರುತ್ತದೆ, ದಾರಿ ಅದಕ್ಕೆ ಬಿಡಬೇಕು. ಪರೀಕ್ಷಕರು ಮೊದಲು ಗಮನಿಸುವುದು ಆ ಕಣ್ಣೋಟವನ್ನೇ. ಲೇನ್ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಭುಜದ ಮೇಲಿಂದ ತಿರುಗಿ ನೋಡಬೇಕು.

ಈಗ ತಮ್ಮನ ವಿಷಯ. ಅವನು ಪ್ರವಾಸಿ, ಆದ್ದರಿಂದ ಭಾರತದ ಲೈಸೆನ್ಸ್ ಮತ್ತು ಇಂಟರ್‌ನ್ಯಾಷನಲ್ ಪರ್ಮಿಟ್ ಎರಡೂ ಸೇರಿದರೆ ಯುಎಇಯಲ್ಲಿ ಬಾಡಿಗೆ ಕಾರು ಓಡಿಸಬಹುದು. ಎರಡೂ ಸೇರಿದರೆ ಮಾತ್ರ. ಪರ್ಮಿಟ್ ಅನ್ನುವುದು ಬೇರೆ ಲೈಸೆನ್ಸ್ ಅಲ್ಲ. ಊರಿನ ಲೈಸೆನ್ಸಿನ ವಿವರವನ್ನು ಬೇರೆ ದೇಶದವರಿಗೆ ಅರ್ಥವಾಗುವ ಹಾಗೆ ಬರೆದುಕೊಟ್ಟ ಪುಸ್ತಕ ಅಷ್ಟೇ. ಮೂಲ ಕಾರ್ಡನ್ನು ಮನೆಯಲ್ಲಿ ಬಿಟ್ಟು ಪರ್ಮಿಟ್ ಮಾತ್ರ ತಂದರೆ ಅದಕ್ಕೆ ಬೆಲೆ ಇಲ್ಲ. ಡಿಜಿಲಾಕರ್‌ನಲ್ಲಿ ಇದೆ ಅನ್ನುವುದು ಊರಿನ ಪೊಲೀಸರಿಗೆ ಸಾಕು, ಗಡಿಯಾಚೆ ನಡೆಯುವುದಿಲ್ಲ. ಪ್ಲಾಸ್ಟಿಕ್ ಕಾರ್ಡೇ ಕೈಯಲ್ಲಿರಬೇಕು.

ಅವನು ಆರ್‌ಟಿಒದಿಂದಲೇ ಮಾಡಿಸಿದ್ದು ಒಳ್ಳೆಯದಾಯಿತು. ಭಾರತದಲ್ಲಿ ಈ ಪರ್ಮಿಟ್‌ಗೆ ಸಾರಥಿ ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು, ಫಾರ್ಮ್ 4ಎ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಮುಂಚೆ ಒಂದೊಂದು ರಾಜ್ಯದಲ್ಲಿ ಒಂದೊಂದು ಆಕಾರ, ಒಂದೊಂದು ಬಣ್ಣದಲ್ಲಿ ಕೊಡುತ್ತಿದ್ದರು. ಹೊರದೇಶದ ಕೌಂಟರ್‌ಗಳಲ್ಲಿ ಇದು ಅಸಲಿ ಹೌದಾ ಅಂತ ಪ್ರಶ್ನೆ ಬರುತ್ತಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಡೀ ದೇಶಕ್ಕೆ ಒಂದೇ ನಮೂನೆ ಮಾಡಿತು, ಕ್ಯುಆರ್ ಕೋಡ್ ಸೇರಿಸಿತು. ಇಂಟರ್‌ನೆಟ್‌ನಲ್ಲಿ ‘ಇಂಟರ್‌ನ್ಯಾಷನಲ್ ಲೈಸೆನ್ಸ್, ಹತ್ತು ವರ್ಷಕ್ಕೆ’ ಅಂತ ಮಾರುವವರಿದ್ದಾರೆ. ಅದಕ್ಕೆ ದುಡ್ಡು ಕೊಡಬೇಡಿ. ಯಾವ ದೇಶ ಲೈಸೆನ್ಸ್ ಕೊಟ್ಟಿತೋ ಅದೇ ದೇಶದ ಅಧಿಕೃತ ಸಂಸ್ಥೆ ಪರ್ಮಿಟ್ ಕೊಡಬೇಕು. ಭಾರತದ ಲೈಸೆನ್ಸ್‌ಗೆ ದುಬೈನ ಸಂಸ್ಥೆಗಳು ಪರ್ಮಿಟ್ ಕೊಡಲಾರವು.

ಆದರೆ ತಮ್ಮ ನಿಮ್ಮ ಸ್ವಂತ ಕಾರನ್ನು ಓಡಿಸುವುದು ಬೇರೆ ಮಾತು. ಬಾಡಿಗೆ ಕಾರಿನ ಪಾಲಿಸಿಯನ್ನು ಪ್ರವಾಸಿಗಳು ಓಡಿಸುತ್ತಾರೆ ಎಂದು ತಿಳಿದೇ ಮಾಡಿರುತ್ತಾರೆ. ಅವನ ಪಾಸ್‌ಪೋರ್ಟ್, ಪರ್ಮಿಟ್ ಎಲ್ಲ ಒಪ್ಪಂದದಲ್ಲೇ ಸೇರಿರುತ್ತದೆ. ನಿಮ್ಮ ಕಾರಿನ ಪಾಲಿಸಿಯಲ್ಲಿ ಹೆಸರಿಲ್ಲದ ವಿಸಿಟ್ ವೀಸಾದ ಚಾಲಕ ಸೇರುತ್ತಾನಾ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಏಜೆಂಟ್ ಫೋನಿನಲ್ಲಿ ‘ಏನೂ ತೊಂದರೆ ಇಲ್ಲ ಸಾರ್’ ಅಂದರೆ ಅದು ಉತ್ತರ ಅಲ್ಲ. ಇಮೇಲ್ ಕಳಿಸಿ, ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ‘ನನ್ನ ತಮ್ಮ, ವಿಸಿಟ್ ವೀಸಾ, ಭಾರತದ ಲೈಸೆನ್ಸ್, ಇಂಟರ್‌ನ್ಯಾಷನಲ್ ಪರ್ಮಿಟ್ ಇದೆ. ಯುಎಇಯಲ್ಲೂ ಒಮಾನ್‌ನಲ್ಲೂ ಅವನು ಓಡಿಸುವಾಗ ಅಪಘಾತವಾದರೆ ಮೂರನೆಯವರ ನಷ್ಟ ಮತ್ತು ನನ್ನ ಕಾರಿನ ನಷ್ಟ ಎರಡೂ ಕವರ್ ಆಗುತ್ತವೆಯಾ?’ ಇಷ್ಟು ಕೇಳಿ ಸಾಕು. ಹೌದು ಅಂತ ಬರಹದಲ್ಲಿ ಬಂದರೆ ಮಾತ್ರ ಮುಂದುವರಿಯಿರಿ.

ತಮ್ಮನಿಗೆ ಇನ್ನೊಂದು ಅಪಾಯ ಇದೆ, ಲೈಸೆನ್ಸ್‌ಗಿಂತ ದೊಡ್ಡದು. ಅವನ ಯುಎಇ ವೀಸಾ ಸಿಂಗಲ್ ಎಂಟ್ರಿಯಾ, ಮಲ್ಟಿಪಲ್ ಎಂಟ್ರಿಯಾ? ಸಿಂಗಲ್ ಎಂಟ್ರಿ ಆಗಿದ್ದರೆ ಒಮಾನ್‌ಗೆ ಕಾಲಿಟ್ಟ ಕ್ಷಣ ಅದು ಮುಗಿಯಿತು. ವಾಪಸ್ ಬರುವಾಗ ನೀವು ಒಳಗೆ, ಅವನು ಗಡಿಯಲ್ಲಿ. ವಾಪಸ್ಸಿನ ವಿಮಾನ ದುಬೈಯಿಂದ ಇದ್ದರಂತೂ ಇನ್ನೂ ಪೇಚು. ಒಮಾನ್ ವೀಸಾ ಕೂಡ ಅವನಿಗೆ ಬೇರೆಯೇ ಬೇಕು. ನೀವು ಗಲ್ಫ್ ನಿವಾಸಿಗಳು, ನಿಮಗಿರುವ ಸುಲಭದ ದಾರಿ ಪ್ರವಾಸಿಗಳಿಗೆ ಇಲ್ಲ. ಟಿಕೆಟ್ ಬುಕ್ ಮಾಡುವ ಮೊದಲೇ ಇದನ್ನು ಸರಿಮಾಡಿಕೊಳ್ಳಿ.

ನಿಮ್ಮ ಲೈಸೆನ್ಸ್ ಬಗ್ಗೆ ಹೆಚ್ಚು ಹೇಳುವುದೇ ಇಲ್ಲ. ಯುಎಇ, ಒಮಾನ್, ಸೌದಿ, ಬಹ್ರೇನ್, ಕತಾರ್, ಕುವೈತ್ ಈ ಆರೂ ದೇಶಗಳು ಜಿಸಿಸಿ, ಅಂದರೆ ಗಲ್ಫ್ ದೇಶಗಳ ಸಹಕಾರ ಕೂಟದಲ್ಲಿವೆ. ಒಂದರ ಲೈಸೆನ್ಸ್ ಇದ್ದವರು ಇನ್ನೊಂದಕ್ಕೆ ಭೇಟಿಗೆ ಹೋದಾಗ ಅದೇ ಕಾರ್ಡಿನಲ್ಲಿ ಓಡಿಸಬಹುದು. ಪರ್ಮಿಟ್ ಬೇಕಿಲ್ಲ. ಕಾರ್ಡ್‌ನಲ್ಲಿ ಅರಬ್ಬಿ, ಇಂಗ್ಲಿಷ್ ಎರಡೂ ಇರುವುದರಿಂದ ಓದಿಸುವ ಕಷ್ಟವೂ ಇಲ್ಲ. ಅವಧಿ ನೋಡಿಕೊಳ್ಳಿ. ಆ್ಯಪ್‌ನಲ್ಲಿರುವ ಡಿಜಿಟಲ್ ಲೈಸೆನ್ಸ್ ನಂಬಿ ಹೋಗಬೇಡಿ, ಕಾರ್ಡ್ ಜೇಬಿನಲ್ಲಿರಲಿ.

ಲೈಸೆನ್ಸ್ ಇಷ್ಟು ಸರಳ. ಇನ್ಶೂರೆನ್ಸ್ ಅಷ್ಟು ಸರಳ ಅಲ್ಲ. ಈ ಕೆಲಸದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯುಎಇ ಪಾಲಿಸಿ ಗಡಿಯವರೆಗೆ. ಒಮಾನ್ ಒಳಗೆ ಹೋಗಬೇಕಾದರೆ ಆರೆಂಜ್ ಕಾರ್ಡ್ ಬೇಕು. 1975ರಲ್ಲಿ ಟ್ಯುನಿಸ್ ನಗರದಲ್ಲಿ ಅರಬ್ ದೇಶಗಳು ಮಾಡಿಕೊಂಡ ಒಪ್ಪಂದದಿಂದ ಬಂದ ಕಾಗದ ಇದು. ಒಂದು ದೇಶದ ಇನ್ಶೂರೆನ್ಸ್ ಕಂಪನಿ ಕೊಟ್ಟ ಕಾರ್ಡನ್ನು ಇನ್ನೊಂದು ದೇಶ ಥರ್ಡ್ ಪಾರ್ಟಿ ಕವರ್ ಎಂದು ಒಪ್ಪುತ್ತದೆ. ನಿಮ್ಮ ಕಂಪನಿಯನ್ನು ಕೇಳಿದರೆ ಕೊಡುತ್ತಾರೆ. ಕೆಲವರು ಸುಮ್ನೆ ಕೊಡುತ್ತಾರೆ, ಕೆಲವರು ಶುಲ್ಕ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಗಡಿಯಲ್ಲಿ ಒಮಾನ್‌ಗೆ ಮಾತ್ರ ಸಲ್ಲುವ ಇನ್ಶೂರೆನ್ಸ್ ಕೊಳ್ಳಬಹುದು. ಹಬ್ಬದ ರಜೆಯ ಸಾಲಿನಲ್ಲಿ ನಿಂತು ಕೊಳ್ಳುವುದಕ್ಕಿಂತ ಮುಂಚೆಯೇ ಮಾಡಿಸಿ ಇಟ್ಟುಕೊಳ್ಳುವುದು ಮೇಲು.

ಕಾರ್ಡ್ ಕೈಗೆ ಬಂದ ಮೇಲೆ ಹಾಗೇ ಮಡಿಸಿ ಇಡಬೇಡಿ. ಅದರ ಮೇಲಿನ ಚಾಸಿಸ್ ನಂಬರನ್ನು ಮುಲ್ಕಿಯಾ, ಅಂದರೆ ಕಾರಿನ ನೋಂದಣಿ ಕಾರ್ಡಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಎಫ್ ಇರುವಲ್ಲಿ ಇ ಬಿದ್ದಿದ್ದರೂ ಗಡಿಯ ಅಧಿಕಾರಿ ವಾಪಸ್ ಕಳಿಸಬಹುದು. ಶುರುವಾಗುವ ದಿನ, ಮುಗಿಯುವ ದಿನ ನೋಡಿ. ಸೋಮವಾರ ವಾಪಸ್ ಅಂದುಕೊಂಡವರು ಬುಧವಾರ ಬರುವುದು ಮಾಮೂಲು, ಎರಡು ದಿನ ಜಾಸ್ತಿಗೇ ಹಾಕಿಸಿ. ಯಾವ ದೇಶಕ್ಕೆ ಸಲ್ಲುತ್ತದೆ ಅನ್ನುವುದೂ ಅದರಲ್ಲೇ ಇರುತ್ತದೆ.

ಇನ್ನು ಹೆಚ್ಚಿನವರಿಗೆ ಗೊತ್ತಿರದ ಮಾತು. ಆರೆಂಜ್ ಕಾರ್ಡ್ ಕವರ್ ಮಾಡುವುದು ನೀವು ಬೇರೆಯವರಿಗೆ ಮಾಡಿದ ನಷ್ಟವನ್ನು. ನಿಮ್ಮ ಕಾರಿಗೆ ಏನಾದರೂ ಆದರೆ ಅದರಿಂದ ಒಂದು ಪೈಸೆ ಬರುವುದಿಲ್ಲ. ನಿಮ್ಮದು ಫುಲ್ ಇನ್ಶೂರೆನ್ಸ್ ಇರಬಹುದು, ಅದು ಒಮಾನ್‌ನಲ್ಲಿ ಸಲ್ಲಬೇಕಾದರೆ ಪಾಲಿಸಿಯಲ್ಲಿ ಒಮಾನ್ ವಿಸ್ತರಣೆ ಇದೆ ಎಂದು ಬರೆದಿರಬೇಕು. ಬಹಳಷ್ಟು ಕಾಂಪ್ರಹೆನ್ಸಿವ್ ಪಾಲಿಸಿಗಳಲ್ಲಿ ಅದು ಇರುತ್ತದೆ, ಎಲ್ಲದರಲ್ಲೂ ಇಲ್ಲ. ಸಲಾಲಾ ದಾರಿಯಲ್ಲಿ ಒಂಟೆಗೆ ಗುದ್ದಿದರೆ ಬಾನೆಟ್ಟು, ಗಾಜು, ಛಾವಣಿ ಎಲ್ಲ ಹೋಗುತ್ತದೆ. ಆ ವಿಸ್ತರಣೆ ಇಲ್ಲದವರು ಆ ಖರ್ಚನ್ನೆಲ್ಲ ಕೈಯಿಂದಲೇ ಹಾಕಬೇಕು. ಕೆಟ್ಟು ನಿಂತರೆ ಎಳೆದು ತರುವ ಸೇವೆ ಒಮಾನ್‌ನಲ್ಲೂ ಇದೆಯಾ ಅಂತ ಅದೇ ಇಮೇಲ್‌ನಲ್ಲಿ ಕೇಳಿಬಿಡಿ.

ಲೈಸೆನ್ಸ್ ಮತ್ತು ಇನ್ಶೂರೆನ್ಸ್ ಎರಡೂ ಕೂಡುವುದು ರಿಕವರಿ ಅನ್ನುವ ಜಾಗದಲ್ಲಿ. ಯುಎಇಯಲ್ಲಿ 2017ರ ಜನವರಿಯಿಂದ ಎಲ್ಲ ಕಂಪನಿಗಳಿಗೂ ಒಂದೇ ನಮೂನೆಯ ಮೋಟಾರ್ ಪಾಲಿಸಿ. ಅದರ ಪ್ರಕಾರ ಅಪಘಾತದಲ್ಲಿ ಪೆಟ್ಟು ತಿಂದವರಿಗೆ ಕಂಪನಿ ಮೊದಲು ದುಡ್ಡು ಕೊಡುತ್ತದೆ. ಓಡಿಸಿದವರಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ ಎಂದಾದರೆ ಆ ದುಡ್ಡನ್ನು ಪಾಲಿಸಿದಾರರಿಂದ ವಾಪಸ್ ವಸೂಲಿ ಮಾಡುವ ಹಕ್ಕೂ ಕಂಪನಿಗೆ ಇದೆ. ಯುಎಇಯಲ್ಲಿ ರಸ್ತೆ ಅಪಘಾತದಲ್ಲಿ ಒಂದು ಜೀವ ಹೋದರೆ ದೀಯಾ, ಅಂದರೆ ಜೀವಕ್ಕೆ ಕೊಡುವ ಪರಿಹಾರ, 2,00,000 ದಿರ್ಹಂ. ಅದರ ಮೇಲೆ ಆಸ್ಪತ್ರೆ ಖರ್ಚು, ಗಾಡಿಗಳ ಖರ್ಚು. ಸಂಬಳದ ಮನುಷ್ಯ ಇಷ್ಟನ್ನು ತೀರಿಸುವುದು ಹೇಗೆ? ಕೇಸ್ ಮುಗಿಯುವ ತನಕ ದೇಶ ಬಿಡಲಾಗದೆ ಇಲ್ಲೇ ಉಳಿದವರೊಬ್ಬರನ್ನು ನೋಡಿದ್ದೇನೆ. ಊರಲ್ಲಿ ಮದುವೆ ಇತ್ತು, ಅವರಿಗೆ ಹೋಗಲಾಗಲಿಲ್ಲ. ಆ ದಿನ ಕಾರು ಓಡಿಸಿದ್ದು ಅವರಲ್ಲ, ‘ಸ್ವಲ್ಪ ಹೊತ್ತು ನಾನು ಓಡಿಸ್ತೀನಿ’ ಅಂದ ಹತ್ತಿರದ ಸಂಬಂಧಿ. ಅದಕ್ಕೇ ನಿಮ್ಮ ಪ್ರಶ್ನೆ ಓದಿದ ಕೂಡಲೇ ಹೆಂಡತಿಗೆ ಬೇಡ, ತಮ್ಮನಿಗೆ ಕಾಯಿರಿ ಅಂದದ್ದು.

ಏನಾದರೂ ಸಣ್ಣದಾಗಿ ತಗುಲಿದರೂ ಪೊಲೀಸ್ ವರದಿ ತೆಗೆದುಕೊಳ್ಳದೆ ಜಾಗ ಬಿಡಬೇಡಿ. ಒಮಾನ್‌ನಲ್ಲಿ ತುರ್ತು ನಂಬರ್ 9999. ಸಣ್ಣ ಅಪಘಾತಗಳನ್ನು ಅಲ್ಲಿನವರು ತಮ್ಮತಮ್ಮಲ್ಲೇ ಫಾರ್ಮ್ ತುಂಬಿ ಮುಗಿಸಿಕೊಳ್ಳುವುದುಂಟು. ನಿಮಗೆ ಅದು ಸಾಲದು. ಪೊಲೀಸ್ ವರದಿ ಇಲ್ಲದೆ ಯುಎಇ ಗ್ಯಾರೇಜ್ ಒಂದು ಬಂಪರನ್ನೂ ಬಿಚ್ಚುವುದಿಲ್ಲ.

ಕಾರಿನ ಕಾಗದಗಳ ಬಗ್ಗೆ ಚುಟುಕಾಗಿ. ಮುಲ್ಕಿಯಾ ಚಾಲ್ತಿಯಲ್ಲಿರಬೇಕು. ಕಾರು ನಿಮ್ಮ ಹೆಸರಿನಲ್ಲೇ ಇದ್ದು ಸಾಲ ತೀರಿದ್ದರೆ ಬೇರೇನೂ ಬೇಡ. ಬ್ಯಾಂಕ್ ಸಾಲ ಇದ್ದರೆ ಬ್ಯಾಂಕಿನಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಕೇಳಿ ಇಟ್ಟುಕೊಳ್ಳಿ. ಕಂಪನಿ ಕಾರಾದರೆ, ಬೇರೆಯವರ ಹೆಸರಿನ ಕಾರಾದರೆ ಮಾಲೀಕರ ಅನುಮತಿ ಪತ್ರ ಬೇಕೇ ಬೇಕು. ದುಬೈನಲ್ಲಿ ಬಾಡಿಗೆಗೆ ತೆಗೆದ ಕಾರನ್ನು ಗಡಿ ದಾಟಿಸಬೇಕಾದರೆ ಬಾಡಿಗೆ ಕಂಪನಿಯ ಎನ್‌ಒಸಿ ಮತ್ತು ಒಮಾನ್ ಇನ್ಶೂರೆನ್ಸ್ ಎರಡೂ ಇರಬೇಕು. ಹೇಳದೆ ದಾಟಿಸುವವರಿದ್ದಾರೆ, ಅದು ಬೇಡ.

ಇದಕ್ಕೇ ಸೇರಿದ ಒಂದು ವಿಚಿತ್ರ ಜಾಗ ನೆನಪಾಯಿತು. ಫುಜೈರಾ, ಖೋರ್ ಫಕ್ಕಾನ್ ಕಡೆ ವಾರಾಂತ್ಯಕ್ಕೆ ಹೋಗುವವರು ಮದ್ಹಾ ಅನ್ನುವ ಊರಿಗೆ ಹೊಕ್ಕು ಬರುತ್ತಾರೆ. ಸುತ್ತಲೂ ಯುಎಇ, ನಡುವೆ ಈ ತುಂಡು ಮಾತ್ರ ಒಮಾನ್. ಅದರ ಒಳಗೆ ಮತ್ತೆ ನಹ್ವಾ ಅನ್ನುವ ಹಳ್ಳಿ ಯುಎಇಗೆ ಸೇರಿದ್ದು. ಗಡಿ ಠಾಣೆ ಇಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ. ಫೋನಿಗೆ ಒಮಾನ್ ನೆಟ್‌ವರ್ಕ್ ಬಂದಾಗಲೇ ಗೊತ್ತಾಗುವುದು. ಯಾರೂ ತಡೆಯದೇ ಇರಬಹುದು, ಆದರೆ ಅಲ್ಲಿ ಅಪಘಾತವಾದರೆ ಅದು ಒಮಾನ್‌ನಲ್ಲಿ ಆದ ಅಪಘಾತ. ಒಮಾನ್ ಕವರ್ ಇಲ್ಲದ ಕಾರಿನಲ್ಲಿ, ಅದರಲ್ಲೂ ಬಾಡಿಗೆ ಕಾರಿನಲ್ಲಿ, ಫೋಟೋ ಆಸೆಗೆ ಅಲ್ಲಿ ಒಳಗೆ ಹೋಗಬೇಡಿ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ಮೂವರು ಓಡಿಸಬೇಕು ಅಂದಿದ್ದೇ ದಾರಿ ದೂರ ಅಂತ. ದುಬೈಯಿಂದ ಸಲಾಲಾ ಸುಮಾರು 1,200 ಕಿಲೋಮೀಟರ್. ಅಲ್ ಐನ್ ದಾಟಿ ಮೆಝ್ಯದ್ ಗಡಿ, ಆಮೇಲೆ ಇಬ್ರಿ, ನಿಜ್ವಾ ಕಡೆಯಿಂದ ಆದಮ್, ಹೈಮಾ, ತುಮ್ರೈತ್, ಸಲಾಲಾ. ಯುಎಇಯಿಂದ ಭೂಮಾರ್ಗವಾಗಿ ಹೊರಡುವಾಗ ತಲೆಗೆ 35 ದಿರ್ಹಂ ನಿರ್ಗಮನ ಶುಲ್ಕ ಇದೆ. ಆದಮ್ ಬಿಟ್ಟ ಮೇಲೆ ನೂರಾರು ಕಿಲೋಮೀಟರ್ ಬರೀ ಮರಳುಗಾಡು. ತಿರುವು ಇಲ್ಲ, ನೋಡಲು ಏನೂ ಇಲ್ಲ, ಅದಕ್ಕೇ ಕಣ್ಣು ಎಳೆಯುತ್ತದೆ. ರಾತ್ರಿ ಒಂಟೆಗಳು ರಸ್ತೆಗೆ ಬರುತ್ತವೆ. ಅವುಗಳ ಕಾಲು ಉದ್ದ, ಹೆಡ್‌ಲೈಟಿನ ಬೆಳಕು ಮೈಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಒಬ್ಬರೇ ಓಡಿಸುವುದಾದರೆ ಎರಡು ದಿನ ಮಾಡಿ. ಮೊದಲ ದಿನ ನಿಜ್ವಾದಲ್ಲಿ ಉಳಿಯಿರಿ, ಕೋಟೆ, ಹಳೆಯ ಮಾರುಕಟ್ಟೆ ನೋಡಿದ ಹಾಗೂ ಆಯಿತು. ಮರುದಿನ ಬೆಳಗಾಗುತ್ತಲೇ ಹೊರಟರೆ ಬೆಳಕಿರುವಾಗಲೇ ಸಲಾಲಾ. ಪೆಟ್ರೋಲ್ ಅರ್ಧ ಆದಾಗಲೇ ತುಂಬಿಸಿ, ಮುಂದಿನ ಬಂಕ್ ನೋಡೋಣ ಅನ್ನಬೇಡಿ. ದುಬೈನ ಸ್ಪೀಡ್ ಕ್ಯಾಮೆರಾ ಮಿತಿಗಿಂತ 20 ಕಿಲೋಮೀಟರ್ ಜಾಸ್ತಿಯಾದ ಮೇಲೆ ಹಿಡಿಯುತ್ತದೆ ಅನ್ನುವ ಲೆಕ್ಕ ನಮ್ಮವರ ಕಾಲಿಗೆ ಅಂಟಿದೆ. ಅಬುಧಾಬಿಯಲ್ಲೇ ಅದಿಲ್ಲ. ಒಮಾನ್‌ನಲ್ಲಿ ಫಲಕದಲ್ಲಿ ಎಷ್ಟಿದೆಯೋ ಅಷ್ಟೇ ಎಂದು ಓಡಿಸಿ.

ತುಮ್ರೈತ್ ದಾಟಿ ಬೆಟ್ಟ ಇಳಿಯುವಾಗ ಒಮ್ಮೆಲೇ ಮಂಜು ಮುಚ್ಚುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಅಲ್ಲಿ ಖರೀಫ್ ಕಾಲ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿನ ಬೆಟ್ಟಕ್ಕೂ ತಾಗಿ ತುಂತುರು ಹಾಕುತ್ತದೆ, ಗುಡ್ಡವೆಲ್ಲ ಹಸಿರಾಗುತ್ತದೆ. ಗಲ್ಫ್‌ನಲ್ಲಿರುವ ಉಡುಪಿ, ಮಂಗಳೂರಿನವರು ಅಷ್ಟು ದೂರ ಹೋಗುವುದೇ ಆ ಹಸಿರು ನೋಡಲು. ಇಳಿಜಾರಿನಲ್ಲಿ ಲೋ ಬೀಮ್, ಕಡಿಮೆ ಗೇರ್, ಮುಂದಿನ ಗಾಡಿಯಿಂದ ದೂರ. ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸಬೇಡಿ, ನಿಂತಿದ್ದೀರಾ ಚಲಿಸುತ್ತಿದ್ದೀರಾ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ಮರಳುವಾಗ ಜಬಲ್ ಅಖ್ದರ್ ಹತ್ತುವ ಆಸೆ ಇದ್ದರೆ ಬಿರ್ಕತ್ ಅಲ್ ಮೌಜ್ ಬಳಿಯ ಪೊಲೀಸ್ ಠಾಣೆಯಲ್ಲಿ ಫೋರ್ ವೀಲ್ ಡ್ರೈವ್ ಅಲ್ಲದ ಕಾರನ್ನು ಮೇಲೆ ಬಿಡುವುದಿಲ್ಲ, ಲೈಸೆನ್ಸ್ ಎಂಥದ್ದೇ ಇರಲಿ.

ತಮ್ಮನಿಗೆ ಓಡಿಸಲೇಬೇಕು ಅನ್ನುವ ಆಸೆ ಇದ್ದರೆ ಇನ್ನೊಂದು ಉಪಾಯ ಇದೆ, ನನಗೆ ಇದೇ ಇಷ್ಟ. ಸಲಾಲಾ ತಲುಪಿದ ಮೇಲೆ ಅಲ್ಲೇ ಅವನ ಹೆಸರಿನಲ್ಲಿ ಒಂದು ಬಾಡಿಗೆ ಕಾರು ತೆಗೆಯಿರಿ. ಭಾರತದ ಲೈಸೆನ್ಸ್, ಪರ್ಮಿಟ್, ಪಾಸ್‌ಪೋರ್ಟ್ ತೋರಿಸಿ, ಒಪ್ಪಂದದಲ್ಲಿ ಅವನೇ ಚಾಲಕ ಎಂದು ಬರೆಸಿ. ಒಮಾನ್ ಕಾರು, ಒಮಾನ್ ಇನ್ಶೂರೆನ್ಸ್, ಹೆಸರಿರುವ ಚಾಲಕ. ಯಾವ ಸಂದೇಹವೂ ಉಳಿಯುವುದಿಲ್ಲ, ಊರೊಳಗಿನ ಸುತ್ತಾಟಕ್ಕೆ ನಿಮಗೂ ವಿಶ್ರಾಂತಿ.

ಸೌದಿ, ಬಹ್ರೇನ್ ಪ್ರಶ್ನೆಗೆ ಉತ್ತರ ಚಿಕ್ಕದು. ನಿಮ್ಮ ಯುಎಇ ಲೈಸೆನ್ಸ್ ಎರಡು ಕಡೆಯೂ ನಡೆಯುತ್ತದೆ. ಘುವೈಫಾತ್ ದಾಟಿದರೆ ಸೌದಿಯ ಬತ್ಹಾ ಗಡಿ. ಸೌದಿಗೆ ಬರುವ ಹೊರದೇಶದ ಗಾಡಿಗಳಿಗೆ ಮನಾಫಿದ್ ಅನ್ನುವ ಇನ್ಶೂರೆನ್ಸ್ ವ್ಯವಸ್ಥೆ ಇದೆ. ಒಮಾನ್‌ಗೆ ಮಾಡಿಸಿದ ಕಾಗದ ಅಲ್ಲಿಗೂ ಆಗುತ್ತದೆ ಎಂದುಕೊಳ್ಳಬೇಡಿ. ದಮ್ಮಾಮ್ ಕಡೆಗೆ ಹೋದರೆ 1986ರಲ್ಲಿ ತೆರೆದ ಕಿಂಗ್ ಫಹದ್ ಸೇತುವೆ, ಸುಮಾರು 25 ಕಿಲೋಮೀಟರ್ ಸಮುದ್ರದ ಮೇಲೆ ಹೋಗಿ ಬಹ್ರೇನ್. ಅಷ್ಟರೊಳಗೆ ನಿಮ್ಮ ಹೆಂಡತಿ ಇಲ್ಲಿನ ಲೈಸೆನ್ಸ್ ತೆಗೆದಿದ್ದರೆ ಸೌದಿಯಲ್ಲೂ ಅವರು ಧಾರಾಳವಾಗಿ ಓಡಿಸಬಹುದು. 2018ರ ಜೂನ್ 24ರಿಂದ ಅಲ್ಲಿ ಹೆಂಗಸರಿಗೆ ಇದ್ದ ತಡೆ ಹೋಗಿದೆ. ಇವೆಲ್ಲ ಭೇಟಿಗೆ ಮಾತ್ರ. ನಾಳೆ ಕೆಲಸ ಬದಲಾಗಿ ರಿಯಾದ್‌ನಲ್ಲಿ ನೆಲೆಸಿದರೆ ದುಬೈ ಕಾರ್ಡ್ ಹಿಡಿದು ಓಡಾಡುವ ಹಾಗಿಲ್ಲ. ಅಲ್ಲಿನ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು. ನಿಮ್ಮ ಹೆಂಡತಿಗೆ ಇಲ್ಲಿ ಆದದ್ದೇ ಅಲ್ಲಿ ನಿಮಗೂ ಆಗುತ್ತದೆ.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಲೇಬೇಕು. ಗಲ್ಫ್‌ಗೆ ಬಂದು ಹತ್ತು ವರ್ಷವಾದವರು ಊರಿನ ಲೈಸೆನ್ಸನ್ನು ಮರೆತೇ ಬಿಡುತ್ತಾರೆ. ರಜೆಗೆ ಹೋದಾಗ ಅಪ್ಪನ ಕಾರನ್ನು ದುಬೈ ಲೈಸೆನ್ಸ್ ತೋರಿಸಿ ಓಡಿಸುತ್ತಾರೆ. ಅದು ಕೂಡ ಹೊರದೇಶದ ಲೈಸೆನ್ಸೇ. ಯುಎಇಯ ಅಧಿಕೃತ ಸಂಸ್ಥೆಯಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ತಂದಿದ್ದರೆ ಸರಿ, ಇಲ್ಲದಿದ್ದರೆ ಉಡುಪಿಯಲ್ಲೂ ಇನ್ಶೂರೆನ್ಸ್ ಕಂಪನಿ ಇದೇ ತಕರಾರು ತೆಗೆಯಬಹುದು. ಊರಿನ ಲೈಸೆನ್ಸನ್ನು ಚಾಲ್ತಿಯಲ್ಲಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. 2019ರ ತಿದ್ದುಪಡಿಯಾದ ಮೇಲೆ, ಅವಧಿ ಮುಗಿದು ಒಂದು ವರ್ಷ ಕಳೆದರೆ ನವೀಕರಣಕ್ಕೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಮೊದಲು ಐದು ವರ್ಷ ಸಮಯ ಇತ್ತು, ಈಗ ಇಲ್ಲ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಲು ಅವಕಾಶ ಇದೆ. ಹಾಗಾಗಿ ನಿಮ್ಮ ಮತ್ತು ನಿಮ್ಮ ಹೆಂಡತಿಯ ಊರಿನ ಕಾರ್ಡ್‌ಗಳ ದಿನಾಂಕವನ್ನು ಇವತ್ತೇ ನೋಡಿ. ಅವರ ಕಾರ್ಡಂತೂ ದುಬೈ ಟೆಸ್ಟ್‌ಗೆ ಫೈಲ್ ತೆರೆಯುವಾಗ ಮೂಲ ಪ್ರತಿಯಲ್ಲೇ ಬೇಕು. ಅದು ಊರಿನ ಬೀರುವಿನಲ್ಲಿದ್ದರೆ ಆಗಸ್ಟ್‌ನಲ್ಲಿ ಬರುವ ತಮ್ಮನ ಕೈಯಲ್ಲೇ ತರಿಸಿಕೊಳ್ಳಿ.